ಮದುವೆಯ ಜವಳಿ: ಟಿ. ನಗರದಲ್ಲಿ ಯಾವ ಅಂಗಡಿ, ಯಾರಿಗೆ?

ಮದುವೆ ನಿಶ್ಚಯವಾಗಿ ಛತ್ರ ಗೊತ್ತಾದ ಮರುದಿನವೇ ಮನೆಯಲ್ಲಿ ಜವಳಿಯ ಮಾತು ಏಳುತ್ತದೆ. ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲದ ಕನ್ನಡದ ಮನೆಗಳಲ್ಲಿ ಈ ಮಾತು ಬೇಗ ಮುಗಿಯುವುದಿಲ್ಲ. ನಲವತ್ತು ಕಿಲೋಮೀಟರು ಪಶ್ಚಿಮಕ್ಕೆ ಹೋದರೆ ಬೆಂಗಳೂರಿನ ಚಿಕ್ಕಪೇಟೆ, ಮುನ್ನೂರು ಕಿಲೋಮೀಟರು ಪೂರ್ವಕ್ಕೆ ಹೋದರೆ ಚೆನ್ನೈನ ಟಿ. ನಗರ, ಆ ದಾರಿಯಲ್ಲೇ ಕಾಂಚೀಪುರ. ಅಜ್ಜಿಗೆ ಧಾರೆ ಸೀರೆ ಟಿ. ನಗರದ ಹಳೆಯ ಅಂಗಡಿ 'ನಲ್ಲಿ'ಯದೇ ಆಗಬೇಕು. ಅಪ್ಪ ಅಲ್ಲಿನ ರಂಗನಾಥನ್ ಬೀದಿಯಲ್ಲಿ ಅರ್ಧಕ್ಕರ್ಧ ಅಗ್ಗ ಎಂದು ಯಾರಿಂದಲೋ ಕೇಳಿಕೊಂಡು ಬಂದಿದ್ದಾರೆ. ಮದುಮಗಳು ಮೊಬೈಲಿನಲ್ಲಿ ಪೋತೀಸ್ ಅಂಗಡಿಯ ಹೊಸ ಬಣ್ಣಗಳನ್ನು ತೋರಿಸುತ್ತಾಳೆ. ಸೋದರಮಾವನಿಗೆ ಚಿಕ್ಕಪೇಟೆಯಲ್ಲಿ ಪರಿಚಯದ ಅಂಗಡಿಯೊಂದಿದೆ. ನಾಲ್ವರ ಮಾತಿನಲ್ಲೂ ಹುರುಳಿದೆ. ಆದರೆ ನಾಲ್ವರೂ ಮಾತನಾಡುತ್ತಿರುವುದು ಬೇರೆ ಬೇರೆ ಸೀರೆಗಳ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಗ್ಗ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಟಿ. ನಗರಕ್ಕೆ ಹೊರಡುವವರು ಹೊರಡದಿರುವುದೇ ಲೇಸು. ಅಲ್ಲಿ ಸಿಗುವುದು ಆಯ್ಕೆ: ಒಂದೇ ಬೀದಿಯ ಆಚೀಚೆ, ಒಂದೇ ದಿನದಲ್ಲಿ, ಮುಹೂರ್ತದ ರೇಷ್ಮೆಯಿಂದ ಮನೆಗೆಲಸದವಳಿಗೆ ಕೊಡುವ ಹತ್ತಿ ಸೀರೆಯವರೆಗೆ. ಆ ಆಯ್ಕೆ ನಿಮಗೆ ಬೇಕೇ, ಅದಕ್ಕೆ ತೆರುವ ಖರ್ಚು ನಿಮ್ಮ ಪಟ್ಟಿಗೆ ತಕ್ಕದ್ದೇ ಎಂಬುದೇ ತೀರ್ಮಾನಿಸಬೇಕಾದ ಸಂಗತಿ.

ಅಂಗಡಿಗಿಂತ ಮೊದಲು ಪಟ್ಟಿ

ಒಂದು ಹಾಳೆಯನ್ನು ಮೂರು ಭಾಗ ಮಾಡಿ. ಮೊದಲ ಭಾಗದಲ್ಲಿ ಧಾರೆ ಸೀರೆ, ಆರತಕ್ಷತೆಯ ಸೀರೆ, ಬೀಗಿತ್ತಿಗೆ ಕೊಡುವ ಸೀರೆ. ಇವು ನಾಲ್ಕು ಜನ ಸೆರಗು ಹಿಡಿದು ನೋಡುವಂಥವು, ಮುಂದೆ ಮೂವತ್ತು ವರ್ಷ ಬೀರುವಿನಲ್ಲಿ ಇರುವಂಥವು. ಎರಡನೆಯ ಭಾಗದಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ, ಅತ್ತಿಗೆ, ನಾದಿನಿಯರ ಸೀರೆಗಳು. ಇವರಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗಕೂಡದು. ಆದ್ದರಿಂದ ಒಂದೇ ದರದಲ್ಲಿ ಹತ್ತು ಬಣ್ಣ ಸಿಗುವ ಅಂಗಡಿ ಬೇಕು. ಮೂರನೆಯ ಭಾಗದಲ್ಲಿ ಮಡಿಲು ತುಂಬುವ ಸೀರೆಗಳು, ಮುಯ್ಯಿಗೆ ಪ್ರತಿಯಾಗಿ ಕೊಡುವವು, ಲಂಗದ ಬಟ್ಟೆ, ಮಕ್ಕಳ ಉಡುಪು, ಟವೆಲ್ಲು.

ಈ ಮೂರನ್ನೂ ಒಂದೇ ಸೂರಿನಡಿ ಮುಗಿಸಲು ಹೊರಟಾಗಲೇ ಹಣ ಸೋರುತ್ತದೆ. ದೊಡ್ಡ ಅಂಗಡಿಯ ಹವಾನಿಯಂತ್ರಿತ ಮಹಡಿಯಲ್ಲಿ ಕುಳಿತು ಮೂರನೆಯ ಭಾಗವನ್ನು ಕೊಂಡವರು ಹೆಚ್ಚು ತೆರುತ್ತಾರೆ. ರಂಗನಾಥನ್ ಬೀದಿಯ ನೂಕುನುಗ್ಗಲಿನಲ್ಲಿ ಮೊದಲ ಭಾಗವನ್ನು ಕೊಂಡವರು ಜರಿ ಎಂಥದ್ದೆಂದು ನೋಡದೆಯೇ ಬಂದುಬಿಡುತ್ತಾರೆ.

ಏನನ್ನು ನೋಡಬೇಕು

ಮೊದಲ ಭಾಗದ ಸೀರೆಗೆ ನೀವು ಮೂರು ವಿಷಯಗಳಿಗೆ ಹಣ ಕೊಡುತ್ತೀರಿ: ರೇಷ್ಮೆ, ಜರಿ, ಮಗ್ಗದ ಕೆಲಸ. ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಈ ಗುರುತು ನೂಲು ಅಪ್ಪಟ ರೇಷ್ಮೆ ಎಂದಷ್ಟೇ ಹೇಳುತ್ತದೆ. ಜರಿಯ ಬಗ್ಗೆ, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬ ಬಗ್ಗೆ ಅದು ಏನೂ ಹೇಳುವುದಿಲ್ಲ. ಚೀಟಿ ಕಂಡೊಡನೆ ಎಲ್ಲವೂ ಸರಿಯಿದೆ ಎಂದು ನೆಮ್ಮದಿಯಾಗುವವರೇ ಹೆಚ್ಚು. ಹಿಪ್ಪುನೇರಳೆ ಬೆಳೆದು ಗೂಡು ಮಾರುವ ನಮ್ಮ ಸೀಮೆಯವರೂ, ರೇಷ್ಮೆಹುಳುವಿನ ತಳಿ ಸಂರಕ್ಷಣೆಗೆ ಕೇಂದ್ರ ಸರ್ಕಾರದ ಸಂಸ್ಥೆಯೇ ಇರುವ ಹೊಸೂರಿನವರೂ ಅಂಗಡಿಯ ಮೆತ್ತೆಯ ಮೇಲೆ ಕುಳಿತೊಡನೆ ಇದನ್ನೆಲ್ಲ ಮರೆಯುವುದು ಸೋಜಿಗ.

ಜರಿಯಲ್ಲಿ ಬೆಲೆಯ ಏರುಪೇರು ದೊಡ್ಡದು. ಕಾಂಚೀಪುರದ ಸಹಕಾರ ಸಂಘಗಳ ಶುದ್ಧ ಜರಿಯಲ್ಲಿ ಸುಮಾರು ಶೇ. 40ರಷ್ಟು ಬೆಳ್ಳಿ, ಶೇ. 0.5ರಷ್ಟು ಚಿನ್ನ ಇರುತ್ತದೆ. ಉಳಿದದ್ದು ತಾಮ್ರ ಮತ್ತು ರೇಷ್ಮೆ ನೂಲು. ಅದಕ್ಕಿಂತ ಕೆಳಗೆ 'ಹಾಫ್ ಫೈನ್', ಅದಕ್ಕೂ ಕೆಳಗೆ ತಾಮ್ರದ 'ಟೆಸ್ಟೆಡ್' ಜರಿ, ಕೊನೆಗೆ ಪ್ಲಾಸ್ಟಿಕ್ ಜರಿ. ಮಿನುಗು ನೋಡಿ ಇದನ್ನು ಹೇಳಲಾಗದು. ಅಗ್ಗದ್ದೇ ಹೆಚ್ಚು ಮಿನುಗುತ್ತದೆ. ಶುದ್ಧ ಜರಿಯ ಎಳೆಯನ್ನು ಕೆರೆದರೆ ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ನೂಲು ಕಾಣುತ್ತದೆ. ಅಂಗಡಿಯಲ್ಲಿ ಕೆರೆದು ನೋಡಲು ಬಿಡಲಾರರು. 'ಯಾವ ಜರಿ ಎಂದು ಬಿಲ್ಲಿನಲ್ಲಿ ಬರೆದುಕೊಡಿ' ಎಂದು ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಬರೆದುಕೊಡಲು ಹಿಂಜರಿದರೆ ಅದೇ ಉತ್ತರ. ಬೆಳ್ಳಿಯ ಬೆಲೆ ಈಚಿನ ವರ್ಷಗಳಲ್ಲಿ ಏರಿರುವ ಪರಿಯನ್ನು ನೋಡಿದರೆ, ಅಗಲ ಅಂಚಿನ, ಮೈತುಂಬ ಬುಟ್ಟಾ ಇರುವ 'ಶುದ್ಧ ಜರಿ' ಸೀರೆಯನ್ನು ಹತ್ತು ಸಾವಿರಕ್ಕೆ ಕೊಡುತ್ತೇವೆ ಎನ್ನುವವರನ್ನು ನಂಬಲು ಕಾರಣವಿಲ್ಲ.

ಮಗ್ಗದ ಕೆಲಸದಲ್ಲಿ ಕೋರ್ವೈ ಇದೆಯೇ ಎಂದು ನೋಡಿ. ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ ಆಗಿ, ಎರಡೂ ಸೇರುವಲ್ಲಿ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ನೇಯ್ಗೆ ಅದು. ಸೀರೆಯನ್ನು ತಿರುವಿ ಹಾಕಿದರೆ ಆ ಕೂಡು ಗೆರೆ ಕಾಣುತ್ತದೆ. ಇದಕ್ಕೆ ಹೆಚ್ಚು ದಿನ, ಹೆಚ್ಚು ಕೈ ಬೇಕು, ಹೆಚ್ಚು ಹಣವೂ.

ಇವಲ್ಲದೆ ಮನೆಯ ಲೆಕ್ಕ ಎರಡಿವೆ. ಒಂದು, ಬದಲಾವಣೆ. ಚಿಕ್ಕಪೇಟೆಯಲ್ಲಿ ಕೊಂಡ ಸೀರೆಗೆ ಮನೆಯಲ್ಲಿ ಆಕ್ಷೇಪ ಬಂದರೆ ಮರುದಿನವೇ ಹೋಗಬಹುದು. ಚೆನ್ನೈಯಲ್ಲಿ ಕೊಂಡದ್ದಕ್ಕೆ ಬಂದರೆ ಹೋಗುವವರು ಯಾರು? ಇನ್ನೊಂದು, ಜೊತೆಗೆ ಬರುವವರು. ಮಂಡಿ ನೋವಿನ ಅಜ್ಜಿ, ಹಾಲು ಕುಡಿಯುವ ಮಗುವಿನ ತಾಯಿ, ಮಧ್ಯಾಹ್ನದ ಹೊತ್ತಿಗೆ ಸಹನೆ ಕಳೆದುಕೊಳ್ಳುವ ಗಂಡಸರು, ಇವರಿಗೆ ಕೂರಲು ಜಾಗ ಇಲ್ಲದ ಅಂಗಡಿಯಲ್ಲಿ ತೀರ್ಮಾನಗಳು ಅವಸರದಲ್ಲಿ ಆಗುತ್ತವೆ.

ಬೀದಿ ಹೇಗಿದೆ

ಕೆರೆಯೊಂದರ ಜಾಗದಲ್ಲಿ 1920ರ ದಶಕದಲ್ಲಿ ಎದ್ದ ಬಡಾವಣೆ ತ್ಯಾಗರಾಯ ನಗರ. ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು. ನಡುವೆ ಪನಗಲ್ ಪಾರ್ಕ್. ಅಲ್ಲಿಂದ ಉಸ್ಮಾನ್ ರಸ್ತೆ ದಕ್ಷಿಣಕ್ಕೆ ಬಸ್ ನಿಲ್ದಾಣದ ಕಡೆಗೆ ಹೋಗುತ್ತದೆ. ದೊಡ್ಡ ಜವಳಿ ಅಂಗಡಿಗಳು, ಚಿನ್ನದಂಗಡಿಗಳು ಹೆಚ್ಚಾಗಿ ಈ ರಸ್ತೆಯ ಉದ್ದಕ್ಕೂ. ಅದರಿಂದ ಪಶ್ಚಿಮಕ್ಕೆ ಮಾಂಬಲಂ ರೈಲು ನಿಲ್ದಾಣದವರೆಗೆ ಚಾಚಿರುವ ಕಿರಿದಾದ ಗಲ್ಲಿಯೇ ರಂಗನಾಥನ್ ಬೀದಿ. ಪನಗಲ್ ಪಾರ್ಕಿನಿಂದ ಪೂರ್ವಕ್ಕೆ ತ್ಯಾಗರಾಯ ರಸ್ತೆ. ಜನರ ಬಾಯಲ್ಲಿ ಪಾಂಡಿ ಬಜಾರ್.

ರೈಲಿನಲ್ಲಿ ಸೆಂಟ್ರಲ್‌ಗೆ ಬಂದವರು ಎದುರಿನ ಪಾರ್ಕ್ ನಿಲ್ದಾಣಕ್ಕೆ ದಾಟಿ ತಾಂಬರಂ ಕಡೆಯ ಲೋಕಲ್ ಹಿಡಿದರೆ ಮಾಂಬಲಂನಲ್ಲಿ ಇಳಿಯಬಹುದು. ಅಲ್ಲಿಂದ ಟಿ. ನಗರದ ಬಸ್ ನಿಲ್ದಾಣದವರೆಗೆ 2023ರಲ್ಲಿ ತೆರೆದ ಆಕಾಶ ನಡಿಗೆ ದಾರಿ (ಸ್ಕೈವಾಕ್) ಇದೆ. ಗಲ್ಲಿಯ ಜನಜಂಗುಳಿಗೆ ಇಳಿಯದೆ ಉಸ್ಮಾನ್ ರಸ್ತೆ ತಲುಪಲು ಹಿರಿಯರಿಗೆ ಇದೇ ಸರಿ. ಬಸ್ಸಿನಲ್ಲಿ ಹೋಗುವವರು ಬಸ್ಸು ಚೆನ್ನೈಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಆ ಊರಿನ ಬಸ್ ನಿಲ್ದಾಣಗಳು ಒಂದೊಂದಾಗಿ ಊರಾಚೆಗೆ ಸರಿಯುತ್ತಿವೆ. ಕಾರಿನವರಿಗೆ ಪಾಂಡಿ ಬಜಾರಿನ ಬಳಿ ಬಹುಮಹಡಿ ನಿಲುಗಡೆ ಇದೆ. ಉಸ್ಮಾನ್ ರಸ್ತೆಯಲ್ಲಿ ಜಾಗ ಹುಡುಕುವ ಆಸೆ ಬಿಟ್ಟುಬಿಡಿ.

ಪನಗಲ್ ಪಾರ್ಕಿನ ಹಳಬರು

ಕಾಂಚೀಪುರದ ನೇಕಾರ ಮನೆತನದ ನಲ್ಲಿ ಚಿನ್ನಸಾಮಿ ಚೆಟ್ಟಿ 1928ರಲ್ಲಿ ತೆರೆದ ಅಂಗಡಿ ಹೆಚ್ಚುಕಡಿಮೆ ಬಡಾವಣೆಯಷ್ಟೇ ಹಳೆಯದು. ಕುಮರನ್ ಸಿಲ್ಕ್ಸ್ ಕೂಡ ಇಲ್ಲೇ ಹತ್ತಿರ. ಅಜ್ಜಿಯರು ನಲ್ಲಿ ಎನ್ನಲು ಕಾರಣ ಬರಿಯ ಹೆಸರಲ್ಲ. ಸಾಂಪ್ರದಾಯಿಕ ಬಣ್ಣ, ಸಾಂಪ್ರದಾಯಿಕ ಅಂಚು, ಹದಿನೆಂಟು ಮೊಳದ ಸೀರೆ, ಇವನ್ನು ಹುಡುಕುವ ಕಷ್ಟವಿಲ್ಲದೆ ತೋರಿಸುವ ಅಂಗಡಿಗಳು ಕಡಿಮೆಯಾಗುತ್ತಿವೆ. ಮಡಿಯುಡುವ ಮನೆಗಳಿಗೆ, ಕಚ್ಚೆ ಸೀರೆ ಬೇಕಾದವರಿಗೆ ನಾನು ಮೊದಲು ಹೇಳುವುದು ಈ ಅಂಗಡಿಗಳನ್ನೇ.

ಇಲ್ಲಿ ಚೀಟಿಯಲ್ಲಿ ಬರೆದದ್ದೇ ಬೆಲೆ, ಚೌಕಾಸಿ ಇಲ್ಲ. ಮಾತಿನ ಬಲದಲ್ಲಿ ಒಂದೆರಡು ಸಾವಿರ ಇಳಿಸಿ ಗೆದ್ದ ಸಂತೋಷ ಬೇಕಾದವರಿಗೆ ಇದು ಸಪ್ಪೆ. ಆದರೆ ದೊಡ್ಡ ಮೊತ್ತದ ಸೀರೆಗೆ ಇದೇ ಅನುಕೂಲ ಎನ್ನುತ್ತೇನೆ: ಎರಡು ಅಂಗಡಿಗಳ ಸೀರೆಯನ್ನು ಹೋಲಿಸಲು ಕೈಯಲ್ಲಿ ನಿಂತ ಬೆಲೆ ಇರುತ್ತದೆ.

ಒಂದು ಎಚ್ಚರ. 'ಮುಹೂರ್ತಕ್ಕೆ' ಎಂದೊಡನೆ ಅಲ್ಲಿ ತಮಿಳು ಮನೆಗಳ ಪದ್ಧತಿಯ ಕಡುಗೆಂಪು, ಅರಗಿನ ಬಣ್ಣದ ಸೀರೆಗಳು ಮುಂದೆ ಬಂದು ಬೀಳುತ್ತವೆ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಧಾರೆಗೆ ಬಿಳಿ ಇಲ್ಲವೇ ಕೆನೆ ಬಣ್ಣದ ಒಡಲಿಗೆ ಕೆಂಪಂಚು ಆಗಬೇಕು. ಕೆಲವರಲ್ಲಿ ಹಸಿರು, ಅರಿಸಿನ. ಮನೆಯ ಪದ್ಧತಿ ಯಾವುದೆಂದು ಬೀಗರ ಕಡೆಯವರನ್ನೂ ಕೇಳಿಕೊಂಡು, ಮಾದರಿಗೆ ಮನೆಯ ಹಳೆಯ ಧಾರೆ ಸೀರೆಯ ಫೋಟೋ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಮಾರುವವರಿಗೆ ಅದನ್ನು ತೋರಿಸಿದರೆ ಅರ್ಧ ಗಂಟೆ ಉಳಿಯುತ್ತದೆ.

ಈ ಅಂಗಡಿಗಳ ಕೊರತೆ ಎರಡನೆಯ ಭಾಗದ ಪಟ್ಟಿಯಲ್ಲಿ ಕಾಣುತ್ತದೆ. ಮೂರು ಸಾವಿರದೊಳಗಿನ ಸೀರೆಗಳು ಇಲ್ಲಿಯೂ ಇವೆ. ಆದರೆ ಒಂದೇ ದರದಲ್ಲಿ ಹದಿನೈದು ಬಣ್ಣ ಹರಡಿ 'ಯಾರಿಗೆ ಯಾವುದು' ಎಂದು ಹಂಚುವ ಕೆಲಸಕ್ಕೆ ಮುಂದಿನ ಗುಂಪಿನ ಅಂಗಡಿಗಳೇ ಮೇಲು. ಮತ್ತೊಂದು ಮಾತು: ನಲ್ಲಿಗೂ ಪೋತೀಸಿಗೂ ಬೆಂಗಳೂರಿನಲ್ಲಿಯೇ ಅಂಗಡಿಗಳಿವೆ. ಒಂದೇ ಒಂದು ಸೀರೆಗಾಗಿ ಚೆನ್ನೈಗೆ ಹೊರಟಿದ್ದರೆ ಮೊದಲು ಅಲ್ಲಿ ನೋಡಿ. ಸಂಗ್ರಹದ ವಿಸ್ತಾರದಲ್ಲಿ ಮೂಲ ಅಂಗಡಿಗೆ ಸಾಟಿಯಲ್ಲ, ಆದರೆ ದಾರಿಯ ಖರ್ಚು ಬಸ್ಸಿನ ಟಿಕೆಟ್ಟಿನಷ್ಟು.

ಮಹಡಿ ಮಹಡಿಯ ಅಂಗಡಿಗಳು

ಶ್ರೀವಿಲ್ಲಿಪುತ್ತೂರಿನಿಂದ ಬಂದ ಪೋತೀಸ್, ತಿರುನೆಲ್ವೇಲಿಯಿಂದ ಬಂದ ಆರ್‌ಎಂಕೆವಿ, ತಿರುಪ್ಪೂರು ಕಡೆಯಿಂದ ಬೆಳೆದ ದಿ ಚೆನ್ನೈ ಸಿಲ್ಕ್ಸ್. ಹೆಸರು ಮಾಡಿದ ಈ ಅಂಗಡಿಗಳೆಲ್ಲ ಸಣ್ಣ ಊರುಗಳಲ್ಲಿ ಆರಂಭವಾದವು, ಟಿ. ನಗರಕ್ಕೆ ಬಂದು ಮಹಡಿ ಮೇಲೆ ಮಹಡಿ ಕಟ್ಟಿಕೊಂಡವು. ಒಂದು ಮಹಡಿಯಲ್ಲಿ ಮದುವೆ ರೇಷ್ಮೆ, ಇನ್ನೊಂದರಲ್ಲಿ ಸಾದಾ ರೇಷ್ಮೆ, ಮತ್ತೊಂದರಲ್ಲಿ ಹತ್ತಿ ಮತ್ತು ಸಿಂಥೆಟಿಕ್, ಮೇಲೆ ಗಂಡಸರ ಉಡುಪು, ಮಕ್ಕಳದ್ದು. ಮೂರು ತಲೆಮಾರಿನವರು ಒಟ್ಟಿಗೆ ಹೋದರೆ ಜಗಳವಾಗದೆ ಹಿಂದಿರುಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆರತಕ್ಷತೆಯ ಸೀರೆಗೆ ಇವೇ ಸರಿ. ಹೊಸ ಬಣ್ಣ, ಹೊಸ ವಿನ್ಯಾಸ, ತಿಳಿ ತೂಕದ ರೇಷ್ಮೆ, ಒಂದೇ ಬಣ್ಣದ ಹತ್ತು ಛಾಯೆಗಳು ಇಲ್ಲಿ ಸಿಗುತ್ತವೆ. ಶುದ್ಧ ಜರಿಯ ಧಾರೆ ಸೀರೆ ಉಟ್ಟು ಎರಡು ಗಂಟೆ ಕೂರಬಹುದು. ಆರತಕ್ಷತೆಯಲ್ಲಿ ನಾಲ್ಕು ಗಂಟೆ ನಿಂತು ನಗಬೇಕಾದ ಹುಡುಗಿಗೆ ಒಂದು ಕಿಲೋ ತೂಗುವ ಸೀರೆ ಹೊರೆ. ಅವಳ ಮಾತಿಗೆ ಇಲ್ಲಿ ಬೆಲೆ ಕೊಡಿ.

ಎರಡನೆಯ ಭಾಗದ ಪಟ್ಟಿಗೂ ಇವು ಹೊಂದುತ್ತವೆ. 'ಎರಡೂವರೆ ಸಾವಿರದಿಂದ ಮೂರು ಸಾವಿರದೊಳಗೆ ಹನ್ನೆರಡು ಸೀರೆ' ಎಂದು ಮೊದಲೇ ಹೇಳಿ. ಬಜೆಟ್ ಹೇಳದೆ ಕುಳಿತರೆ ಅವರು ತೋರಿಸಲು ಆರಂಭಿಸುವುದು ಏಳು ಸಾವಿರದಿಂದ, ನಂತರ ಮೂರು ಸಾವಿರದ ಸೀರೆ ಕಣ್ಣಿಗೆ ಹಿಡಿಸುವುದೇ ಇಲ್ಲ. ಇದು ಮಾರುವವರ ತಪ್ಪಲ್ಲ, ಅವರ ಕಸುಬು.

ತೊಂದರೆಗಳೂ ಇವೆ. ವಾರದ ಕೊನೆಯಲ್ಲಿ ಲಿಫ್ಟಿಗೆ ಸಾಲು, ಬಿಲ್ಲಿಗೆ ಸಾಲು, ಕೊಂಡ ಗಂಟು ಕೈಗೆ ಬರಲು ಮತ್ತೊಂದು ಸಾಲು. ದೀಪದ ಬೆಳಕಿನಲ್ಲಿ ರಾಮರ ಹಸಿರು, ಎಲೆ ಹಸಿರು ಎರಡೂ ಒಂದೇ ಎನಿಸುತ್ತವೆ. ಸೀರೆಯನ್ನು ಕಿಟಕಿಯ ಬಳಿ ಒಯ್ದು ಹಗಲಿನಲ್ಲಿ ನೋಡುತ್ತೇವೆ ಎಂದರೆ ಬೇಡ ಎನ್ನುವುದಿಲ್ಲ. ಮತ್ತೆ, ಯಾವ ಎತ್ತರದ ಅಂಗಡಿಗೆ ಹೋದರೂ ಮೆಟ್ಟಿಲು ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. 2017ರ ಮೇ 31ರಂದು ಇದೇ ರಸ್ತೆಯಲ್ಲಿ ಚೆನ್ನೈ ಸಿಲ್ಕ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು, ಕೊನೆಗೆ ಆ ಕಟ್ಟಡವನ್ನೇ ಕೆಡವಬೇಕಾಯಿತು. ಬೆಳಗ್ಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆದದ್ದು ಪುಣ್ಯ.

ರಂಗನಾಥನ್ ಬೀದಿ

ಇದನ್ನು ಬೈಯುವವರೂ ಇಲ್ಲಿಂದ ಬರಿಗೈಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ತಿರುನೆಲ್ವೇಲಿ ಸೀಮೆಯಿಂದ ಬಂದ ಸಹೋದರರು ಪಾತ್ರೆ ಅಂಗಡಿಯಾಗಿ ಆರಂಭಿಸಿದ ಸರವಣ ಸ್ಟೋರ್ಸ್ ಈ ಗಲ್ಲಿಯಲ್ಲಿ ಬೆಳೆಯಿತು. ಈಗ ಕುಟುಂಬದ ಶಾಖೆಗಳು ಬೇರೆಯಾಗಿ, 'ಸರವಣ' ಎಂಬ ಹೆಸರಿನ ಹಿಂದೆ ಮುಂದೆ ಬೇರೆ ಬೇರೆ ಪದ ಸೇರಿಸಿಕೊಂಡ ಅಂಗಡಿಗಳು ಟಿ. ನಗರದಲ್ಲಿ ಹಲವು. 'ಸರವಣ ಸ್ಟೋರ್ಸಿನ ಬಳಿ ಸಿಗೋಣ' ಎಂದು ಹೇಳಿ ಮನೆಯವರು ಬೇರೆ ಬೇರೆಯಾಗಿ ಹೊರಟರೆ ಮೂರು ಕಡೆ ಕಾಯುತ್ತ ನಿಲ್ಲುವುದು ಖಂಡಿತ. ಕಟ್ಟಡದ ಪೂರ್ತಿ ಹೆಸರು ಹೇಳಿ, ಇಲ್ಲವೇ ಮಾಂಬಲಂ ನಿಲ್ದಾಣದ ಬಾಗಿಲನ್ನು ಗುರುತಿಟ್ಟುಕೊಳ್ಳಿ.

ಪಟ್ಟಿಯ ಮೂರನೆಯ ಭಾಗಕ್ಕೆ ಈ ಬೀದಿ. ಮಡಿಲು ತುಂಬಲು ಮೂವತ್ತು ಸೀರೆ, ಐವತ್ತು ರವಿಕೆ ಕಣ, ಟವೆಲ್ಲು, ಮಕ್ಕಳಿಗೆ ಲಂಗ ಬ್ಲೌಸು. ಲಾಭದ ಪಾಲು ಕಡಿಮೆ ಇಟ್ಟು ರಾಶಿ ರಾಶಿ ಮಾರುವ ವ್ಯಾಪಾರ ಇದು. ಸಂಖ್ಯೆ ಹೆಚ್ಚಿದಷ್ಟೂ ನಿಮಗೆ ಉಳಿತಾಯ. ಒಂದೆರಡು ಸೀರೆಗಾಗಿ ಈ ಜನಜಂಗುಳಿಗೆ ಇಳಿಯಬೇಡಿ.

ಇಲ್ಲಿ ಆರಾಮ ಕೇಳಬೇಡಿ. ಯಾರೂ ನಿಮ್ಮ ಮುಂದೆ ಸೀರೆ ಬಿಚ್ಚಿ ಹಾಸುತ್ತ ಕೂರುವುದಿಲ್ಲ. ನೀವೇ ಆರಿಸಿ ಬುಟ್ಟಿಗೆ ಹಾಕಬೇಕು. ರೇಷ್ಮೆಯಂತೆ ಕಾಣುವುದೆಲ್ಲ ರೇಷ್ಮೆಯಲ್ಲ. ಆದರೆ ಎಂಟುನೂರು ರೂಪಾಯಿಗೆ ಅದನ್ನು ರೇಷ್ಮೆ ಎಂದು ಯಾರೂ ಹೇಳಿಕೊಡುವುದೂ ಇಲ್ಲ. ಬೀದಿಬದಿಯ ಗಾಡಿಗಳಲ್ಲಿ ಚೌಕಾಸಿ ನಡೆಯುತ್ತದೆ, ಒಳಗಿನ ಅಂಗಡಿಗಳಲ್ಲಿ ಇಲ್ಲ. ಮೈಮೇಲೆ ಚಿನ್ನ ಹಾಕಿಕೊಂಡು ಹೋಗಬೇಡಿ. ಹಿರಿಯರನ್ನು ಕರೆದೊಯ್ಯಬೇಡಿ, ಅವರನ್ನು ಉಸ್ಮಾನ್ ರಸ್ತೆಯ ಹೋಟೆಲ್ಲೊಂದರಲ್ಲಿ ಕಾಫಿಗೆ ಕೂರಿಸಿ ಇಬ್ಬರು ಗಟ್ಟಿಗರು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನುಗ್ಗಿ, ಜನ ಸೇರುವ ಮೊದಲು ಹೊರಬಂದರೆ ಕೆಲಸವಾಗುತ್ತದೆ.

ಪಾತ್ರೆಗಳನ್ನು ಇಲ್ಲಿಂದ ಹೊತ್ತು ತರುವ ಆಸೆ ಮಾತ್ರ ಬಿಡಿ. ಸ್ಟೀಲು ಹೊಸೂರಿನಲ್ಲೂ ಸಿಗುತ್ತದೆ.

ಪಾಂಡಿ ಬಜಾರ್

2019ರಲ್ಲಿ ಪಾದಚಾರಿಗಳಿಗಾಗಿ ಅಗಲ ಮಾಡಿ ತೆರೆದ ಮೇಲೆ ಇಲ್ಲಿ ನಡೆದಾಡುವುದೇ ಸುಖ. ಕೂರಲು ಬೆಂಚುಗಳಿವೆ. ಮದುವೆ ಸೀರೆಗೆ ಇಲ್ಲಿ ಬರಬೇಕಿಲ್ಲ. ಸೀರೆಯ ಸುತ್ತಮುತ್ತಲಿನದ್ದಕ್ಕೆ ಬನ್ನಿ. ಹೊಂದುವ ರವಿಕೆ ಬಟ್ಟೆ, ಲೈನಿಂಗು, ಬಳೆ, ಸರ, ಚಪ್ಪಲಿ. 1939ರಿಂದ ಇರುವ ನಾಯ್ಡು ಹಾಲ್‌ನಲ್ಲಿ ಒಳ ಉಡುಪು, ನೈಟಿ ಕೊಳ್ಳಲು ಹೆಂಗಸರು ಸಂಕೋಚವಿಲ್ಲದೆ ಹೋಗುತ್ತಾರೆ. ಸೀರೆ ಕೊಂಡ ನಂತರ ಬರುವ ಜಾಗ ಇದು, ಮೊದಲಲ್ಲ. ಕೈಯಲ್ಲಿ ಸೀರೆ ಇಲ್ಲದೆ ಬಣ್ಣ ಹೊಂದಿಸಲು ಹೋದರೆ ನೆನಪು ಮೋಸ ಮಾಡುತ್ತದೆ.

ಟಿ. ನಗರ ಬಿಟ್ಟು

ಕೃಷ್ಣಗಿರಿ, ವಾಣಿಯಂಬಾಡಿ, ವೇಲೂರು ದಾರಿಯಲ್ಲಿ ಕಾರಿನಲ್ಲಿ ಹೋಗುವವರು ಚೆನ್ನೈಗೆ ಸುಮಾರು ಎಪ್ಪತ್ತು ಕಿಲೋಮೀಟರು ಮೊದಲೇ ಹೆದ್ದಾರಿಯಿಂದ ತಿರುಗಿ ಕಾಂಚೀಪುರಕ್ಕೆ ಹೋಗಬಹುದು. ಪಟ್ಟಿಯಲ್ಲಿ ಮೊದಲ ಭಾಗ ಮಾತ್ರ ಇದ್ದರೆ ಟಿ. ನಗರದವರೆಗೆ ಹೋಗಲೇಬೇಕಿಲ್ಲ. ಅರಿಞರ್ ಅಣ್ಣಾ, ಮುರುಗನ್ ಮೊದಲಾದ ನೇಕಾರರ ಸಹಕಾರ ಸಂಘಗಳಲ್ಲಿ ಜರಿ ಎಂಥದ್ದು ಎಂಬುದಕ್ಕೆ ಲೆಕ್ಕವಿದೆ, ಬೆಲೆ ನಿಗದಿಯಾಗಿದೆ, ರಿಯಾಯಿತಿ ಘೋಷಿಸಿದ ಕಾಲದಲ್ಲಿ ಬೆಲೆ ಇನ್ನೂ ಇಳಿಯುತ್ತದೆ. ಕಾಂಚೀಪುರದ ರೇಷ್ಮೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದರ ಚೀಟಿಯನ್ನೂ ಕೇಳಿ. ಕೊರತೆ ಎಂದರೆ ವಿನ್ಯಾಸಗಳಲ್ಲಿ ಹೊಸತು ಕಡಿಮೆ, ಅಂಗಡಿಯ ಒಳಗೆ ಉತ್ಸಾಹವೂ ಕಡಿಮೆ. ಮತ್ತೆ, ಊರಿಗೆ ಕಾಲಿಟ್ಟೊಡನೆ 'ಸೊಸೈಟಿಗೆ ಕರೆದೊಯ್ಯುತ್ತೇನೆ' ಎಂದು ಆಟೋದವರು ಮುತ್ತುತ್ತಾರೆ. ಅವರು ಕರೆದೊಯ್ಯುವುದು ಕಮಿಷನ್ ಕೊಡುವ ಖಾಸಗಿ ಅಂಗಡಿಗೆ ಇರಬಹುದು. ಸಂಘದ ಹೆಸರು, ವಿಳಾಸ ಬರೆದುಕೊಂಡು ನೀವೇ ಹೋಗಿ.

1935ರಿಂದ ಇರುವ, ತಮಿಳುನಾಡಿನ ಕೈಮಗ್ಗ ನೇಕಾರರ ಸಹಕಾರ ಸಂಸ್ಥೆ ಕೋ-ಆಪ್ಟೆಕ್ಸ್ ಎಲ್ಲರ ಮಾತಿನಿಂದಲೂ ಬಿಟ್ಟುಹೋಗುತ್ತದೆ. ದೀಪಾವಳಿ ಸಮಯದ ಶೇ. 30ರ ರಿಯಾಯಿತಿಯಲ್ಲಿ ಕೈಮಗ್ಗದ ಹತ್ತಿ ಸೀರೆಗಳನ್ನು ಕೊಂಡರೆ ಎರಡನೆಯ ಭಾಗದ ಪಟ್ಟಿ ಗೌರವವಾಗಿ ಮುಗಿಯುತ್ತದೆ. ಹತ್ತಿ ಸೀರೆ ಕೊಟ್ಟರೆ ನೆಂಟರು ಏನಂದುಕೊಳ್ಳುತ್ತಾರೋ ಎನ್ನುವವರಿಗೆ ಒಂದು ಮಾತು: ಒಳ್ಳೆಯ ಕೊಯಮತ್ತೂರು ಹತ್ತಿಯನ್ನು ಅವರು ಉಡುತ್ತಾರೆ, ನೀವು ಕೊಟ್ಟ ನಕಲಿ ರೇಷ್ಮೆಯನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ.

ಚಿಕ್ಕಪೇಟೆಯ ವಿಷಯ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ತೆರೆದ ಮೇಲೆ ಹೊಸೂರಿನವರಿಗೆ ಇದು ತುಂಬ ಹತ್ತಿರವಾಗಿದೆ. ಬೊಮ್ಮಸಂದ್ರದವರೆಗೆ ಬಸ್ಸು, ಅಲ್ಲಿಂದ ಆರ್.ವಿ. ರಸ್ತೆಗೆ ಮೆಟ್ರೊ, ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ ನಿಲ್ದಾಣ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಬೆಂದವರಿಗೆ ಇದು ಎಂಥ ಬದಲಾವಣೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೋಲ್‌ಸೇಲ್ ಅಂಗಡಿಗಳಲ್ಲಿ ಎರಡನೆಯ, ಮೂರನೆಯ ಭಾಗದ ಪಟ್ಟಿಗಳನ್ನು ರಂಗನಾಥನ್ ಬೀದಿಗೆ ಸಮನಾದ ಬೆಲೆಯಲ್ಲೇ ಮುಗಿಸಬಹುದು. ಚೌಕಾಸಿ ಬಲ್ಲ ದೊಡ್ಡಮ್ಮನೊಬ್ಬರು ಜೊತೆಗಿರಬೇಕು, ಅಷ್ಟೆ. ಭಾನುವಾರ ಹಲವು ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನ ಹೋಗಿ. ಧಾರೆಗೆ ಕಾಂಚಿಯದೇ ಆಗಬೇಕೆಂಬ ಹಟವಿಲ್ಲದ ಮನೆಗಳು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆಯನ್ನೂ ನೋಡಬಹುದು. ಪ್ರತಿ ಸೀರೆಗೂ ಗುರುತಿನ ಸಂಖ್ಯೆ ಇರುವುದರಿಂದ ಅಸಲಿಯೋ ನಕಲಿಯೋ ಎಂಬ ಚಿಂತೆ ಇಲ್ಲ. ಬೇಕಾದ ಬಣ್ಣ ಬೇಕಾದ ದಿನ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ತಾಳವಾಡಿ ಕಡೆಯವರಿಗಂತೂ ಚಾಮರಾಜನಗರ ದಾಟಿ ಮೈಸೂರಿಗೆ ಹೋಗುವುದೇ ಸಹಜ, ಟಿ. ನಗರದ ಮಾತು ಅವರಿಗೆ ದೂರದ್ದು.

ಗಂಡಸರ ಪಂಚೆ, ಶಲ್ಯಕ್ಕೆ ಚೆನ್ನೈ ಬೇಡವೇ ಬೇಡ. ರೇಷ್ಮೆ ಪಂಚೆಗೆ ಹೆಸರಾದ ಸೇಲಂ ನಮ್ಮ ನೆರೆಯಲ್ಲೇ ಇದೆ, ಅಲ್ಲಿನ ಮಾಲು ಹೊಸೂರಿನ ಅಂಗಡಿಗಳಿಗೂ ಬರುತ್ತದೆ.

ಚಿನ್ನಕ್ಕೂ ಅಷ್ಟೆ. ಹಾಲ್‌ಮಾರ್ಕ್ ಜೊತೆಗೆ ಅಕ್ಷರ, ಅಂಕಿ ಸೇರಿ ಆರು ಸ್ಥಾನದ ಗುರುತು ಸಂಖ್ಯೆ 2023ರ ಏಪ್ರಿಲ್‌ನಿಂದ ಕಡ್ಡಾಯ. ವ್ಯತ್ಯಾಸ ಇರುವುದು ವೇಸ್ಟೇಜ್, ಕೂಲಿಯಲ್ಲಿ. ಅದನ್ನು ಊರಿನಲ್ಲೇ ಇಳಿಸಿಕೊಳ್ಳಬಹುದು.

ಯಾವಾಗ

ತಮಿಳು ಆಡಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅವರಲ್ಲಿ ಮದುವೆಗಳಿಲ್ಲದ ತಿಂಗಳಾದ್ದರಿಂದ ಟಿ. ನಗರದ ಗೋಡೆಗಳೆಲ್ಲ ಆಡಿ ರಿಯಾಯಿತಿಯ ಫಲಕಗಳು. ಅವರದು ಸೌರ ಲೆಕ್ಕ, ನಮ್ಮದು ಚಾಂದ್ರ. ಹೆಚ್ಚಿನ ವರ್ಷಗಳಲ್ಲಿ ನಮ್ಮ ಆಷಾಢ ಭೀಮನ ಅಮಾವಾಸ್ಯೆಗೆ ಮುಗಿದ ಮೇಲೂ ಅವರ ಆಡಿ ಉಳಿದಿರುತ್ತದೆ. 2025ರಲ್ಲಿ ಜುಲೈ 24ಕ್ಕೆ ಆಷಾಢ ಮುಗಿದರೆ ಆಡಿ ಆಗಸ್ಟ್ ನಡುವಿನವರೆಗೆ ಇತ್ತು. ಆಷಾಢದಲ್ಲಿ ಮದುವೆ ಜವಳಿ ತೆಗೆಯಬಾರದು ಎನ್ನುವ ಮನೆಗಳಿಗೆ ಶ್ರಾವಣದ ಈ ಮೊದಲ ವಾರಗಳು ಸಿಕ್ಕ ಅವಕಾಶ: ನಮಗೆ ಶುಭ ಮಾಸ, ಅವರಿಗೆ ಇನ್ನೂ ರಿಯಾಯಿತಿ. ಆಷಾಢಕ್ಕೆ ಮುಂಚೆ ಅಧಿಕ ಮಾಸ ಬಂದ ವರ್ಷ ಆಷಾಢ, ಆಡಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ, ಪಂಚಾಂಗ ನೋಡಿಕೊಳ್ಳಿ. ರಿಯಾಯಿತಿ ಎಲ್ಲ ಸೀರೆಗಳಿಗೂ ಇರುವುದಿಲ್ಲ; ಶುದ್ಧ ಜರಿಯ ಸೀರೆಗಳಿಗೆ ಇದೆಯೇ ಎಂದು ಫೋನಿನಲ್ಲಿ ಕೇಳಿಯೇ ಹೊರಡಿ. ದೀಪಾವಳಿಗೆ ಮುಂಚಿನ ಎರಡು ವಾರ ಟಿ. ನಗರದ ಕಡೆ ತಲೆ ಹಾಕಬೇಡಿ.

ಲೆಕ್ಕ ಹಾಕಿ ನೋಡಿದರೆ

ಆರು ಜನ ಕಾರಿನಲ್ಲಿ ಹೋಗಿ ಒಂದು ರಾತ್ರಿ ಉಳಿದು ಬಂದರೆ ಇಂಧನ, ಟೋಲು, ರೂಮು, ಊಟ ಸೇರಿ ಹನ್ನೆರಡು ಹದಿನೈದು ಸಾವಿರ ಕೈಬಿಡುತ್ತದೆ ಎಂದಿಟ್ಟುಕೊಳ್ಳಿ. ಜವಳಿಗೆ ಎತ್ತಿಟ್ಟದ್ದು ಒಟ್ಟು ಎಪ್ಪತ್ತು ಸಾವಿರವಾದರೆ ಐದರಲ್ಲಿ ಒಂದು ಪಾಲು ದಾರಿಗೇ ಹೋಯಿತು. ಅಂಥವರು ಚಿಕ್ಕಪೇಟೆಯಲ್ಲೇ ಎಲ್ಲ ಮುಗಿಸಿ, ಉಳಿದ ಆ ಹಣವನ್ನು ಧಾರೆ ಸೀರೆಗೆ ಸೇರಿಸಿದರೆ ಅದರ ಜರಿ ಒಂದು ದರ್ಜೆ ಮೇಲೇರುತ್ತದೆ.

ಒಂದೂವರೆ ಎರಡು ಲಕ್ಷದ ಪಟ್ಟಿಯವರು ಇಬ್ಬಗೆಯಲ್ಲಿರುತ್ತಾರೆ. ನನ್ನ ಸಲಹೆ: ಎರಡು, ಮೂ‌ರನೆಯ ಭಾಗಗಳನ್ನು ಚಿಕ್ಕಪೇಟೆಯಲ್ಲಿ ಮುಗಿಸಿ. ಮೊದಲ ಭಾಗಕ್ಕೆ ಮದುಮಗಳು, ತಾಯಿ, ಇನ್ನೊಬ್ಬರು ಮಾತ್ರ ಕಾಂಚೀಪುರಕ್ಕೆ ಹೋಗಿ ಅದೇ ದಿನ ಹಿಂದಿರುಗಿ. ಆರತಕ್ಷತೆಗೆ ಹೊಸ ಬಗೆಯ ಸೀರೆ ಬೇಕು ಎಂದು ಹುಡುಗಿ ಪಟ್ಟು ಹಿಡಿದರೆ ಅದೊಂದಕ್ಕೆ ಬೆಂಗಳೂರಿನ ಶಾಖೆ ಸಾಕು.

ಮೂರು ಲಕ್ಷ ಮೀರಿದ ಪಟ್ಟಿಗೆ, ಇಲ್ಲವೇ ಒಂದೇ ವರ್ಷ ಎರಡು ಮದುವೆ ಇರುವ ಮನೆಗೆ ಟಿ. ನಗರ ತಕ್ಕದ್ದು. ವಾರದ ನಡುವಿನ ಎರಡು ದಿನ ಆರಿಸಿ. ಮೊದಲ ದಿನ ಬೆಳಗ್ಗೆ ಎಲ್ಲರೂ ದಣಿಯದೆ ಇರುವಾಗ ಪನಗಲ್ ಪಾರ್ಕಿನಲ್ಲಿ ಧಾರೆ ಸೀರೆ. ಕೊಳ್ಳದಿದ್ದರೂ ನಾಲ್ಕು ಸೀರೆಗಳ ಬೆಲೆ, ಜರಿ ಬರೆದುಕೊಳ್ಳಿ. ಮಧ್ಯಾಹ್ನದ ಮೇಲೆ ಮಹಡಿ ಅಂಗಡಿಯಲ್ಲಿ ಆರತಕ್ಷತೆಯದು ಮತ್ತು ನೆಂಟರದು. ಎರಡನೆಯ ದಿನ ಬೆಳಗ್ಗೆ ಇಬ್ಬರು ರಂಗನಾಥನ್ ಬೀದಿಗೆ, ಉಳಿದವರು ಪಾಂಡಿ ಬಜಾರಿಗೆ.

ಯಾವ ಅಂಗಡಿಯಾದರೂ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ದಿನದೊಳಗೆ ಬದಲಾಯಿಸಿಕೊಡುತ್ತೀರಿ? ಬೆಂಗಳೂರಿನ ಶಾಖೆಯಲ್ಲಿ ಬದಲಾಯಿಸಬಹುದೇ? ಫಾಲ್ಸ್ ಹಚ್ಚಿದ, ಕುಚ್ಚು ಕಟ್ಟಿದ ಸೀರೆಯನ್ನು ವಾಪಸು ತೆಗೆದುಕೊಳ್ಳುತ್ತೀರಾ? ಕೊನೆಯದಕ್ಕೆ ಉತ್ತರ ಬಹುಪಾಲು ಇಲ್ಲ ಎಂದೇ ಇರುತ್ತದೆ. ಆದ್ದರಿಂದ ಅಲ್ಲಿಯೇ ಫಾಲ್ಸ್ ಹಚ್ಚಿಸುವ ಅವಸರ ಬೇಡ; ಮನೆಗೆ ತಂದು, ಹಗಲಿನ ಬೆಳಕಿನಲ್ಲಿ ಉದ್ದಕ್ಕೂ ಬಿಚ್ಚಿ ಎಳೆ ಹರಿದಿಲ್ಲ, ಕಲೆಯಿಲ್ಲ ಎಂದು ನೋಡಿದ ಮೇಲೆ ಹೊಸೂರಿನ ಟೈಲರಿಗೇ ಕೊಡಿ. ರವಿಕೆ ಬಟ್ಟೆಯನ್ನು ಸೀರೆಯಿಂದ ಕತ್ತರಿಸುವುದೂ ಆಮೇಲೆಯೇ ಇರಲಿ.